ಡ್ರಿಪ್ ಇದ್ದರೂ ನೀರು ಸಾಲದೇ? ಮೊದಲು ಪೈಪ್ ತೊಳೆಯಿರಿ

ಕಳೆದ ಬೇಸಿಗೆಯಲ್ಲಿ ಹೊಸಕೋಟೆ ಬಳಿ ಡ್ರಿಪ್ (ಹನಿ ನೀರಾವರಿ) ಇರುವ ಒಂದು ಟೊಮೆಟೊ ತೋಟಕ್ಕೆ ಹೋಗಿದ್ದೆ. ಸಾಲಿನ ಮೊದಲ ಗಿಡಗಳ ಬುಡ ಕೆಸರಾಗಿತ್ತು. ಕೊನೆಯ ಗಿಡಗಳ ಎಲೆ ಬೆಳಿಗ್ಗೆ ಒಂಬತ್ತಕ್ಕೇ ಮುದುಡಿತ್ತು. ‘ನೀರು ಸಾಲುತ್ತಿಲ್ಲ, ಇನ್ನೊಂದು ಬೋರ್ ಕೊರೆಸಬೇಕು’ ಎಂದರು ತೋಟದ ಯಜಮಾನರು. ಗಿಡದ ಸಾಲಿನುದ್ದಕ್ಕೂ ಹಾಯುವ ಲ್ಯಾಟರಲ್ ಪೈಪಿನ ತುದಿ ಬಿಚ್ಚಿ ಅಂಗೈಗೆ ತಟ್ಟಿದೆ. ಸುಣ್ಣದ ಬಿಳಿ ಚಕ್ಕೆಗಳು ಉದುರಿದವು.

ಬೆಂಗಳೂರಿನ ಸುತ್ತಲಿನ ತಾಲ್ಲೂಕುಗಳಲ್ಲಿ ತೋಟಗಾರಿಕೆ ನಿಂತಿರುವುದೇ ಕೊಳವೆಬಾವಿಯ ಮೇಲೆ. ಬಂಡೆಯ ಸೀಳುಗಳಿಂದ, ಎಷ್ಟೋ ಕಡೆ ಸಾವಿರ ಅಡಿಯ ಕೆಳಗಿನಿಂದ, ಬರುವ ಈ ನೀರು ಬಹುಪಾಲು ಗಡಸು. ಮೋಟಾರ್ ನಿಂತ ಮೇಲೆ, ಗಿಡದ ಬುಡಕ್ಕೆ ಹನಿ ಬಿಡುವ ಡ್ರಿಪ್ಪರ್‌ನ ಬಾಯಲ್ಲಿ ಉಳಿದ ಹನಿ ಆರಿ ಸುಣ್ಣ ಕಟ್ಟುತ್ತದೆ. ಬಾಯಿ ಕಟ್ಟಿದ ಗಿಡ ಒಣಗುತ್ತದೆ, ರೈತರು ಮೋಟಾರನ್ನು ಇನ್ನೊಂದು ಗಂಟೆ ಓಡಿಸುತ್ತಾರೆ, ಆ ನೀರೂ ಚೆನ್ನಾಗಿ ಸುರಿಯುತ್ತಿರುವ ಗಿಡದ ಬುಡಕ್ಕೇ ಹೋಗಿ ಬೇರಿನ ಕೆಳಗೆ ಇಳಿದುಹೋಗುತ್ತದೆ.

ಅಳತೆ

ಹದಿನಾರು ಲೋಟ ಸಾಕು. ತೋಟದಲ್ಲಿ ನಾಲ್ಕು ಸಾಲು ಆರಿಸಿ. ಪ್ರತಿ ಸಾಲಿನ ಆರಂಭ, ಕೊನೆ ಮತ್ತು ನಡುವಿನ ಎರಡು ಕಡೆ ಡ್ರಿಪ್ಪರ್ ಕೆಳಗೆ ಲೋಟ ಇಡಿ. ಗಂಟೆಗೆ 2 ಲೀಟರ್‌ನ ಡ್ರಿಪ್ಪರ್ 3 ನಿಮಿಷಕ್ಕೆ 100 ಮಿ.ಲೀ. ಕೊಡಬೇಕು. ಹದಿನಾರರ ಸರಾಸರಿ ತೆಗೆಯಿರಿ, ಅತಿ ಕಡಿಮೆ ಬಂದ ನಾಲ್ಕರ ಸರಾಸರಿಯನ್ನೂ ತೆಗೆಯಿರಿ. ಎರಡನೆಯದು ಮೊದಲನೆಯದರ ಶೇ 90ರಷ್ಟಿದ್ದರೆ ತೋಟ ಚೆನ್ನಾಗಿದೆ. ಶೇ 80ಕ್ಕಿಂತ ಕೆಳಗಿದ್ದರೆ ತೊಳೆಯಲೇಬೇಕು.

ಆಸಿಡ್‌ನಿಂದ ತೊಳೆಯುವುದು

ಹೆಚ್ಚಿನವರು ಎಡವುವುದು ಇಲ್ಲಿಯೇ. ಪಕ್ಕದ ತೋಟದವರು ಒಂದು ಲೀಟರ್ ಹಾಕಿದರೆಂದು ತಾವೂ ಒಂದು ಲೀಟರ್ ಸುರಿಯುತ್ತಾರೆ. ಎಷ್ಟು ಬೇಕೆಂಬುದನ್ನು ಹೇಳಬೇಕಾದದ್ದು ನಿಮ್ಮದೇ ಬೋರಿನ ನೀರು.

ಬಕೆಟ್ಟಿನಲ್ಲಿ 10 ಲೀಟರ್ ನೀರು ತೆಗೆದುಕೊಳ್ಳಿ. ಸೂಜಿ ತೆಗೆದ ಸಿರಿಂಜ್‌ನಿಂದ ಹೈಡ್ರೋಕ್ಲೋರಿಕ್ ಆಸಿಡ್ ಅನ್ನು ಒಂದೊಂದೇ ಮಿ.ಲೀ. ಹಾಕುತ್ತಾ, ಕೋಲಿನಿಂದ ಕಲಕುತ್ತಾ, ನೀರಿನ ಹುಳಿಯ ಮಟ್ಟ ತೋರಿಸುವ ಪಿಎಚ್ ಕಾಗದ ಅದ್ದಿ ನೋಡಿ. ಪಿಎಚ್ 4ಕ್ಕೆ ಬಂದಾಗ ನಿಲ್ಲಿಸಿ. 6 ಮಿ.ಲೀ. ಬೇಕಾಯಿತು ಎಂದುಕೊಳ್ಳೋಣ. ಅಂದರೆ 100 ಲೀಟರ್ ನೀರಿಗೆ 60 ಮಿ.ಲೀ.

ಇನ್ನು ತೋಟದ ಲೆಕ್ಕ. 2,000 ಡ್ರಿಪ್ಪರ್‌ಗಳ ಒಂದು ಭಾಗದಲ್ಲಿ ಲೋಟದ ಸರಾಸರಿ 80 ಮಿ.ಲೀ. ಬಂದಿದ್ದರೆ ಒಂದೊಂದೂ ಗಂಟೆಗೆ 1.6 ಲೀಟರ್ ಕೊಡುತ್ತಿದೆ. ಒಟ್ಟು ಗಂಟೆಗೆ 3,200 ಲೀಟರ್, 15 ನಿಮಿಷಕ್ಕೆ 800 ಲೀಟರ್. ಆಸಿಡ್ 480 ಮಿ.ಲೀ. ಬೇಕು. ಡ್ರಿಪ್ಪರ್ ಮೇಲೆ ಬರೆದಿರುವ ಅಂಕಿಯನ್ನು ನಂಬಿ ಲೆಕ್ಕ ಹಾಕಬೇಡಿ, ಅಳೆದದ್ದನ್ನೇ ಹಿಡಿಯಿರಿ.

ಡ್ರಮ್ಮಿನಿಂದ ದ್ರಾವಣ ಹೀರಿ ಪೈಪಿಗೆ ಸೇರಿಸುವ ವೆಂಚುರಿ 15 ನಿಮಿಷದಲ್ಲಿ ಎಷ್ಟು ನೀರು ಹೀರುತ್ತದೆ ಎಂಬುದನ್ನು ಮೊದಲು ಬರಿ ನೀರಿಟ್ಟು ನೋಡಿ. 20 ಲೀಟರ್ ಎಳೆದರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಅಷ್ಟೇ ನೀರು ತುಂಬಿಸಿ, ಅದಕ್ಕೆ ಆಸಿಡ್ ಅನ್ನು ನಿಧಾನವಾಗಿ ಹಾಕಿ. ನೀರಿಗೆ ಆಸಿಡ್ ಹಾಕಬೇಕು. ಆಸಿಡ್‌ಗೆ ನೀರು ಹಾಕಿದರೆ ಬಿಸಿಯೇರಿ ಮುಖಕ್ಕೆ ಸಿಡಿಯಬಹುದು. ರಬ್ಬರ್ ಕೈಗವಸು, ಕನ್ನಡಕ ಇಲ್ಲದೆ ಈ ಕೆಲಸಕ್ಕೆ ಇಳಿಯಲೇಬೇಡಿ. ಫಿಲ್ಟರ್ ಕಬ್ಬಿಣದ್ದಾಗಿದ್ದರೆ ಆಸಿಡ್ ಫಿಲ್ಟರಿನೊಳಗೆ ಹಾಯದೆ ಅದರ ಮುಂದಿನ ಪೈಪಿಗೆ ಸೇರುವಂತಿರಲಿ, ಇಲ್ಲವಾದರೆ ಫಿಲ್ಟರನ್ನೇ ತಿನ್ನುತ್ತದೆ.

ಕೊನೆಯ ಸಾಲಿನ ಕೊನೆಯ ಡ್ರಿಪ್ಪರ್‌ಗೆ ಪಿಎಚ್ ಕಾಗದ ಹಿಡಿಯಿರಿ. ಅಲ್ಲಿಯೂ 4 ತೋರಿಸಿದ ಮೇಲಷ್ಟೇ ಮೋಟಾರ್ ನಿಲ್ಲಿಸಬೇಕು. ತೋರಿಸದಿದ್ದರೆ ಅದೇ ಪ್ರಮಾಣದಲ್ಲಿ ಇನ್ನೈದು ನಿಮಿಷ ಕೊಡಿ. ಬಳಿಕ ವಾಲ್ವ್ ಮುಚ್ಚಿ ಒಂದು ರಾತ್ರಿ ಹಾಗೆಯೇ ಬಿಡಿ.

ಮರುದಿನ ಮೋಟಾರ್ ಹಾಕಿ, ಮೊದಲು ಲ್ಯಾಟರಲ್‌ಗಳಿಗೆ ನೀರು ಹಂಚುವ ದಪ್ಪ ಪೈಪಿನ (ಸಬ್‌ಮೇನ್‌ನ) ಫ್ಲಶ್ ವಾಲ್ವ್ ತೆರೆಯಿರಿ. ತಿಳಿನೀರು ಬಂದ ಮೇಲೆ ಲ್ಯಾಟರಲ್‌ಗಳ ತುದಿ ಬಿಚ್ಚಿ, ಒಮ್ಮೆಗೆ ಐದಾರನ್ನು ಮಾತ್ರ. ಎಲ್ಲವನ್ನೂ ಒಟ್ಟಿಗೆ ತೆರೆದರೆ ರಭಸ ಸಾಲದೆ, ಕರಗಿ ಸಡಿಲಾದ ಸುಣ್ಣ ಮುಂದಿನ ಡ್ರಿಪ್ಪರ್‌ನಲ್ಲಿ ಹೋಗಿ ಕೂರುತ್ತದೆ. ತೊಳೆದೂ ಪ್ರಯೋಜನವಾಗಲಿಲ್ಲ ಎನ್ನುವವರಲ್ಲಿ ಹಲವರು ಈ ಕಡೆಯ ಅರ್ಧ ಗಂಟೆಯನ್ನು ಉಳಿಸಲು ಹೋದವರು. ಮತ್ತೆ ಹದಿನಾರು ಲೋಟ ಇಟ್ಟು ನೋಡಿ.

ಪಿನ್ನಿನಿಂದ ಡ್ರಿಪ್ಪರ್ ಚುಚ್ಚಬೇಡಿ. ತೂತು ಹಿಗ್ಗಿದ ಡ್ರಿಪ್ಪರ್ ಪಕ್ಕದ ಗಿಡದ ಪಾಲನ್ನೂ ಕುಡಿಯುತ್ತದೆ. ಒಳಗೇನಿದೆ ಎಂದು ಚೀಟಿಯ ಮೇಲೆ ಬರೆದಿರದ ‘ಡ್ರಿಪ್ ಕ್ಲೀನರ್’ ಬಾಟಲಿಗಳಿಗೆ ದುಡ್ಡು ಸುರಿಯುವುದೂ ಬೇಡ. ಬೆರಳಿನಿಂದ ಒತ್ತಿದರೆ ಮಡಚಿಕೊಳ್ಳುವ ತೆಳು ಲ್ಯಾಟರಲ್ ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ. ಒಂದೇ ಬೆಳೆಗೆ ಸೀಳುತ್ತದೆ.

ಕೃಷಿ ಹೊಂಡದ ನೀರಾದರೆ ಕಟ್ಟುವುದು ಪಾಚಿ. ಅದಕ್ಕೆ ಮರಳಿನ ಫಿಲ್ಟರ್ ಬೇಕು, ಜೊತೆಗೆ ಬ್ಲೀಚಿಂಗ್ ಪುಡಿಯ ತಿಳಿ. ಬ್ಲೀಚಿಂಗ್ ಮತ್ತು ಆಸಿಡ್ ಎಂದೂ ಒಂದೇ ಪೈಪಿನಲ್ಲಿ, ಒಂದೇ ಡ್ರಮ್ಮಿನಲ್ಲಿ ಕೂಡಬಾರದು. ಕೂಡಿದರೆ ಏಳುವ ಕ್ಲೋರಿನ್ ಅನಿಲ ಪ್ರಾಣಕ್ಕೇ ಅಪಾಯ.

ಎಷ್ಟು ಹೊತ್ತು ಬಿಡಬೇಕು?

ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ನೀರೆಂದರೆ ಒಂದು ಲೀಟರ್. ನಮ್ಮ ಕಡೆ ಏಪ್ರಿಲ್ ಬಿಸಿಲಿನಲ್ಲಿ ತುಂಬು ಬೆಳೆಗೆ ದಿನಕ್ಕೆ ಸುಮಾರು 5 ಮಿ.ಮೀ. ಹಿಡಿಯಬಹುದು. ಟೊಮೆಟೊ ಗಿಡಗಳ ಅಂತರ 1.2 ಮೀಟರ್ ಮತ್ತು 0.6 ಮೀಟರ್ ಇದ್ದರೆ ಗಿಡದ ಪಾಲಿಗೆ 0.72 ಚದರ ಮೀಟರ್ ಬರುತ್ತದೆ. ಅಲ್ಲಿಗೆ 3.6 ಲೀಟರ್, ಅಂದರೆ ಗಂಟೆಗೆ 2 ಲೀಟರ್ ಕೊಡುವ ಡ್ರಿಪ್ಪರ್‌ಗೆ ಎರಡು ಗಂಟೆಗಿಂತ ಸ್ವಲ್ಪ ಕಡಿಮೆ. ಎಳೆ ಗಿಡಕ್ಕೆ ಇದರ ಅರ್ಧವೂ ಬೇಡ.

ಮಾರನೆಯ ಬೆಳಿಗ್ಗೆ ಬುಡದಿಂದ ಒಂದು ಗೇಣು ಆಚೆ, ಒಂದು ಅಡಿ ಆಳದಿಂದ ಕೆಮ್ಮಣ್ಣು ತೆಗೆದು ಹಿಸುಕಿ. ಉಂಡೆ ಕಟ್ಟಿ, ಬೆರಳಿನಿಂದ ತಟ್ಟಿದರೆ ಒಡೆಯಬೇಕು. ಅಂಗೈಗೆ ನೀರು ಜಿನುಗಿದರೆ ಕಾಲು ಗಂಟೆ ಕಡಿಮೆ ಮಾಡಿ. ಉಂಡೆಯೇ ಕಟ್ಟದಿದ್ದರೆ ಕಾಲು ಗಂಟೆ ಹೆಚ್ಚಿಸಿ.

ಈ ಲೆಕ್ಕವನ್ನೆಲ್ಲ ಒಂದೇ ರಾತ್ರಿಯಲ್ಲಿ ಅಳಿಸಿಹಾಕುವುದು ಆಟೊ ಸ್ಟಾರ್ಟರ್. ತ್ರೀ ಫೇಸ್ ವಿದ್ಯುತ್ ಬಂದಾಗ ತಾನೇ ಹೊತ್ತಿಕೊಂಡು, ಹೋಗುವವರೆಗೂ ಮೋಟಾರ್ ಓಡಿಸುತ್ತದೆ. ಅದನ್ನು ಬಿಚ್ಚಿಡಿ, ಅಥವಾ ಟೈಮರ್ ಕೂರಿಸಿ ಎರಡು ಗಂಟೆ ಓಡಿದ ಮೇಲೆ ನಿಲ್ಲುವಂತೆ ಮಾಡಿ.