ಫೋನ್ ಒರಗಿಸಿಟ್ಟು ಅಡುಗೆ ಮಾಡಿ, ಮಾತಾಡಲೇಬೇಕು ಅಂತಿಲ್ಲ

ಮಗನೋ ಮಗಳೋ ಹೊರದೇಶದಲ್ಲಿ ಒಬ್ಬರೇ ಇದ್ದರೆ, ದಿನಕ್ಕೊಂದು ಹೊತ್ತು ವಿಡಿಯೋ ಕಾಲ್ ಹಚ್ಚಿ ಫೋನನ್ನು ಅಡುಗೆಮನೆ ಗೋಡೆಗೆ ಒರಗಿಸಿಟ್ಟುಬಿಡಿ. ನಿಮ್ಮ ಕೆಲಸ ನೀವು ಮಾಡಿ, ಅವರ ಕೆಲಸ ಅವರು ಮಾಡಲಿ. ಒಬ್ಬರೇ ಇರುವವರ ಹತ್ತಿರ ದಿನಾ ಹೇಳಲು ಹೊಸ ವಿಷಯ ಎಲ್ಲಿರುತ್ತೆ, ಅಲ್ವಾ? ಸುಮ್ನೆ ‘ಊಟ ಆಯ್ತಾ’ ಅಂತ ಕೇಳಿದರೆ ‘ಹೂಂ’ ಅಂದು ಇಟ್ಟುಬಿಡುತ್ತಾರೆ. ಅದೇ ಇಲ್ಲಿ ಕುಕ್ಕರ್ ಕೂಗುವುದು, ಒಗ್ಗರಣೆ ಚಟಪಟ ಅನ್ನುವುದು ಕೇಳುತ್ತಿದ್ದರೆ ಅವರೂ ಎದ್ದು ಅನ್ನಕ್ಕಿಡುತ್ತಾರೆ, ಮಾತು ತಾನಾಗಿ ಬರುತ್ತದೆ. ಹೊತ್ತನ್ನು ಊಟ ತಿಂಡಿಯ ಲೆಕ್ಕದಲ್ಲಿ ಹಿಡಿಯಿರಿ. ಅಲ್ಲಿನ ಬೇಸಿಗೆಯಲ್ಲಿ ಬೆಂಗಳೂರಿನ ಸಂಜೆ 5ರ ಕಾಫಿ ಹೊತ್ತಿಗೆ ಲಂಡನ್‌ನಲ್ಲಿ ಮಧ್ಯಾಹ್ನ 12.30, ನಮ್ಮ ರಾತ್ರಿ 8.30ರ ಊಟದ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಬೆಳಗ್ಗೆ 8. ಚಳಿಗಾಲಕ್ಕೆ ಅಲ್ಲಿನ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಆಗ ಬದಲಿಸಿಕೊಳ್ಳಿ. ನೆಟ್ ಸ್ಲೋ ಇದ್ದರೆ ವಿಡಿಯೋ ಆಫ್ ಮಾಡಿ, ಸದ್ದೊಂದೇ ಸಾಕು. ಅವರಿಗೆ ಆಫೀಸ್ ಮೀಟಿಂಗ್ ಇರುವ ಹೊತ್ತಿನಲ್ಲಿ ಇದು ನಡೆಯುವುದಿಲ್ಲ, ದಯವಿಟ್ಟು ಒತ್ತಾಯ ಮಾಡಬೇಡಿ. ಜ್ವರ ಬಂದಿದ್ದರೆ ಅಥವಾ ಮನಸ್ಸು ತೀರಾ ಕುಗ್ಗಿದ್ದರೆ ಇಷ್ಟು ಸಾಲದು. ಒಲೆ ಆರಿಸಿ, ಕೂತು ಮಾತಾಡಿಸಿ, ಅಲ್ಲಿನ ಡಾಕ್ಟರಿಗೆ ಫೋನ್ ಮಾಡಿಸಿ.