ಬೋಟ್ ಇಳಿಸದೆ ಟ್ರೈಲರ್ ಬೇರಿಂಗ್ ಬದಲಿಸುವ ಬಗೆ

ಬೋಟ್ ಟ್ರೈಲರಿನ ಬೇರಿಂಗ್ ಕೆಡುವುದು ಹೆಚ್ಚಾಗಿ ಭಾರಕ್ಕಲ್ಲ, ನೀರಿಗೆ. ಓಡಿ ಬಿಸಿಯಾದ ಹಬ್, ಅಂದರೆ ಬೇರಿಂಗ್ ಕೂರುವ ಚಕ್ರದ ನಡುಭಾಗ, ತಣ್ಣೀರಿಗಿಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಹಿಂಬದಿಯ ಸೀಲ್ (ನೀರು ತಡೆಯುವ ರಬ್ಬರ್ ಬಳೆ) ತುಸು ಸವೆದಿದ್ದರೂ ಹಬ್ ನೀರನ್ನು ಒಳಗೆಳೆದುಕೊಳ್ಳುತ್ತದೆ. ಹಾಗಾಗಿ ಹೊಸ ಬೇರಿಂಗ್ ಹಾಕಿ ಹಳೆಯ ಸೀಲನ್ನೇ ಕೂರಿಸುವವರ ಕೆಲಸವನ್ನು ನಾನು ಕೆಲಸ ಎಂದೇ ಒಪ್ಪುವುದಿಲ್ಲ.

ಬೋಟ್ ಮೇಲಿರುವಾಗ ಟ್ರೈಲರನ್ನು ವಾಹನದಿಂದ ಕಳಚಬಾರದು. ಗಟ್ಟಿಯಾದ ಸಮತಟ್ಟು ನೆಲ, ವಾಹನಕ್ಕೆ ಹ್ಯಾಂಡ್‌ಬ್ರೇಕ್, ಎದುರು ಬದಿಯ ಚಕ್ರಕ್ಕೆ ಹಿಂದೆ ಮುಂದೆ ಅಡ್ಡಗಟ್ಟೆ. ಚಕ್ರ ನೆಲದ ಮೇಲಿರುವಾಗಲೇ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿಕೊಳ್ಳುತ್ತೇನೆ. ಜಾಕನ್ನು ಆಕ್ಸಲಿನ ನಡುವೆ ಎಂದೂ ಕೊಡುವುದಿಲ್ಲ. ಭಾರಕ್ಕೆ ಪೈಪ್ ಬಾಗಿದರೆ ಚಕ್ರಗಳ ದಿಕ್ಕು ತಪ್ಪಿ ಟೈರ್ ಒಂದೇ ಬದಿ ಸವೆಯುತ್ತದೆ. ಪಟ್ಟಿ ಸ್ಪ್ರಿಂಗ್ ಇದ್ದರೆ ಸ್ಪ್ರಿಂಗ್ ಕೆಳಗಿನ ಪ್ಲೇಟಿಗೆ, ಸ್ಪ್ರಿಂಗ್ ಬದಲು ಒಳಗೆ ರಬ್ಬರ್ ಇರುವ ಟಾರ್ಷನ್ ಆಕ್ಸಲ್ ಆದರೆ ಬ್ರಾಕೆಟ್ ಬಳಿಯ ಫ್ರೇಮಿಗೆ ಜಾಕ್ ಕೊಡಬೇಕು. ಟೈರ್ ನೆಲ ಬಿಟ್ಟರೆ ಸಾಕು, ಅಲ್ಲಿಗೆ ನಿಲ್ಲಿಸಿ ಫ್ರೇಮ್ ಕೆಳಗೆ ಸ್ಟ್ಯಾಂಡ್ ಇಡುತ್ತೇನೆ. ಒಮ್ಮೆಗೆ ಒಂದೇ ಬದಿ.

ಬೇರಿಂಗ್ ಕೊಳ್ಳುವ ಮೊದಲು ಹಳೆಯದರ ಮೇಲಿನ ನಂಬರ್ ಓದಿಕೊಳ್ಳಿ. 3,500 ಪೌಂಡ್ ಆಕ್ಸಲಿನಲ್ಲಿ ಸಾಮಾನ್ಯವಾಗಿ ಒಳಗೆ ಎಲ್‌68149, ಹೊರಗೆ ಎಲ್‌44649, ರೋಲರ್‌ಗಳು ಉರುಳುವ ಅವುಗಳ ಹೊರಬಳೆಗಳಾದ ಕಪ್‌ಗಳು ಎಲ್‌68111 ಮತ್ತು ಎಲ್‌44610. ಚಿಕ್ಕ ಆಕ್ಸಲ್‌ಗಳಲ್ಲಿ ಎರಡೂ ಕಡೆ ಎಲ್‌44649 ಇರುವುದೂ ಉಂಟು. ಹೊಸ ಸೀಲ್ ಎರಡು ತುಟಿಯದ್ದಾಗಿರಲಿ, ನಟ್ ಕಳಚದಂತೆ ತಡೆಯುವ ಹೊಸ ಕಾಟರ್ ಪಿನ್ ಜೊತೆಗಿರಲಿ.

ಹಬ್ ಬಿಚ್ಚಿ ಒರೆಸಿದ ಮೇಲೆ ಕಪ್‌ನ ಹೊಳಪನ್ನು ಬೆಳಕಿಗೆ ಹಿಡಿದು ನೋಡಿ. ರೋಲರ್‌ಗಳ ಅಂತರದಲ್ಲೇ ಸಾಲಾಗಿ ಬೂದು ಗೆರೆಗಳಿದ್ದರೆ, ನೀರು ಒಳಗೆ ನಿಂತು ಟ್ರೈಲರ್ ಅಲುಗದೆ ಇದ್ದ ಕಾಲದ ತುಕ್ಕು ಅದು. ನೀಲಿ ಬಣ್ಣ ತಿರುಗಿದ್ದರೆ ಗ್ರೀಸ್ ಸಾಲದೆ ಅಥವಾ ಬಿಗಿ ಹೆಚ್ಚಾಗಿ ಕಾದದ್ದು. ಬಿಳಿಚಿದ ಗ್ರೀಸ್ ಎಂದರೆ ನೀರು ಬೆರೆತಿದೆ. ಸ್ಪಿಂಡಲ್ (ಹಬ್ ತಿರುಗುವ ಆಕ್ಸಲ್ ತುದಿ) ಮೇಲೆ ಸೀಲ್ ಕೂರುವ ಜಾಗಕ್ಕೆ ಉಗುರು ಆಡಿಸಿ. ಉಗುರಿಗೆ ತೋಡು ಸಿಕ್ಕರೆ ಹೊಸ ಸೀಲ್ ಕೂಡ ಸೋರುತ್ತದೆ, ಅಲ್ಲಿಗೆ ತೆಳು ಸ್ಲೀವ್ ಹಾಕಬೇಕು. ಪುಡಿಯಾದ ಬೇರಿಂಗಿನ ಒಳಬಳೆ ಸ್ಪಿಂಡಲಿಗೆ ಕಚ್ಚಿಕೊಂಡಿದ್ದರೆ ಗ್ರೈಂಡರಿನಿಂದ ಓರೆಯಾಗಿ ಮುಕ್ಕಾಲು ಆಳ ಕೊಯ್ದು, ಉಳಿದದ್ದನ್ನು ಉಳಿಯಿಟ್ಟು ಸೀಳುವುದು. ಸ್ಪಿಂಡಲಿಗೆ ಗೀರು ಬೀಳಬಾರದು.

ಕಪ್‌ಗಳನ್ನು ಹಿತ್ತಾಳೆ ಪಂಚ್‌ನಿಂದ ಎದುರೆದುರು ಬದಿಗೆ ಸರದಿಯಂತೆ ತಟ್ಟಿ ತೆಗೆಯುತ್ತೇನೆ. ಹೊಸದನ್ನು ಕೂರಿಸಲು ಹಳೆಯ ಕಪ್ಪೇ ಒಳ್ಳೆಯ ಆಸರೆ, ಹೊರಮೈಯನ್ನು ತುಸು ಉಜ್ಜಿ ಸಣ್ಣದು ಮಾಡಿಕೊಂಡರಾಯಿತು, ಸಿಕ್ಕಿಕೊಳ್ಳುವುದಿಲ್ಲ. ತಳ ಮುಟ್ಟಿದಾಗ ಸುತ್ತಿಗೆಯ ಸದ್ದು ಟಣ್ ಎಂದು ಬದಲಾಗುತ್ತದೆ. ಅದು ಕೇಳದೆ ಮುಂದಕ್ಕೆ ಹೋಗಬಾರದು.

ಗ್ರೀಸ್ ನೀರು ತಡೆಯುವಂಥದ್ದು, ಗಟ್ಟಿತನದ ಅಳತೆಯಲ್ಲಿ ಎನ್‌ಎಲ್‌ಜಿಐ 2. ಬೇರೆ ಜಾತಿಯ ಹಳೆ ಗ್ರೀಸ್ ಮೇಲೆ ಹೊಸತು ಹಾಕಿದರೆ ಎರಡೂ ಕರಗಿ ಹರಿಯಬಹುದು, ಆದ್ದರಿಂದ ಪೂರ್ತಿ ತೊಳೆದೇ ಹಾಕುವುದು. ಅಂಗೈಯಲ್ಲಿ ಗ್ರೀಸ್ ಇಟ್ಟು ರೋಲರಿನ ದಪ್ಪ ತುದಿಯನ್ನು ಅದಕ್ಕೆ ಒತ್ತುತ್ತ, ಇನ್ನೊಂದು ತುದಿಯಲ್ಲಿ ಹೊರಬರುವ ತನಕ ತುಂಬಬೇಕು. ಮೇಲೆ ಬಳಿದರೆ ಪ್ರಯೋಜನವಿಲ್ಲ.

ಹಬ್ ಹಿಡಿಯುವ ಸ್ಪಿಂಡಲ್ ನಟ್ ಬಿಗಿಯುವಲ್ಲೇ ಹೆಚ್ಚು ಜನ ಎಡವುವುದು. ಹಬ್ ತಿರುಗಿಸುತ್ತ ಸುಮಾರು 68 ನ್ಯೂಟನ್ ಮೀಟರಿಗೆ ಬಿಗಿಯಿರಿ, ರೋಲರ್‌ಗಳು ಕಪ್ಪಿಗೆ ಸರಿಯಾಗಿ ಕೂರುತ್ತವೆ. ಆಮೇಲೆ ಹಬ್ ತಿರುಗಿಸದೆ ನಟ್ ಸಡಿಲಿಸಿ, ಬೆರಳಲ್ಲಿ ಮಾತ್ರ ಬಿಗಿ ಮಾಡಿ. ಪಿನ್ ತೂತು ಹೊಂದದಿದ್ದರೆ ಹತ್ತಿರದ ಸಡಿಲ ಸ್ಥಾನಕ್ಕೆ ತಿರುಗಿಸಿ, ಬಿಗಿಯ ಕಡೆಗೆ ಬೇಡ. ಹಬ್ ಒಳಗೆ ಹೊರಗೆ ಅಲುಗಲು 0.025ರಿಂದ 0.25 ಮಿಲಿಮೀಟರ್ ಆಟ ಉಳಿಯಬೇಕು. ಗಟ್ಟಿಯಾಗಿ ಬಿಗಿದದ್ದೇ ಭದ್ರ ಎಂಬ ಭ್ರಮೆಗೆ ಬೇರಿಂಗ್ ಬೆಂದು ಉತ್ತರ ಕೊಡುತ್ತದೆ.

ಹಬ್ ತುದಿಗೆ ಸ್ಪ್ರಿಂಗ್ ಮತ್ತು ಪಿಸ್ಟನ್ ಇರುವ ಗ್ರೀಸ್ ಮುಚ್ಚಳ ಇದ್ದವರು ಗ್ರೀಸ್ ಗನ್ ನಿಧಾನಕ್ಕೆ ಒತ್ತಲಿ. ಪಿಸ್ಟನ್ ತುಸು ಹೊರಬಂದರೆ ಸಾಕು, ಮೀರಿದರೆ ಹಿಂದಿನ ಸೀಲ್ ಕಿತ್ತು ಗ್ರೀಸ್ ಬ್ರೇಕಿನ ಮೇಲೆ ಸುರಿಯುತ್ತದೆ.

ಅರ್ಧ ಇಂಚಿನ ಸ್ಟಡ್‌ಗಳಾದರೆ ಚಕ್ರದ ನಟ್‌ಗಳನ್ನು ಅಡ್ಡಡ್ಡ ಕ್ರಮದಲ್ಲಿ 122ರಿಂದ 163 ನ್ಯೂಟನ್ ಮೀಟರಿನೊಳಗೆ, ರಿಮ್ ತಯಾರಕರು ಹೇಳಿದಷ್ಟಕ್ಕೆ ಬಿಗಿದು, 80 ಕಿಲೋಮೀಟರ್ ಓಡಿದ ಮೇಲೆ ಮತ್ತೆ ನೋಡಬೇಕು. ಮೊದಲ 15 ಕಿಲೋಮೀಟರಿಗೇ ನಿಲ್ಲಿಸಿ ಎರಡೂ ಹಬ್‌ಗಳ ಬಿಸಿಯನ್ನು ಹೋಲಿಸುತ್ತೇನೆ. ಒಂದರ ಕಾವು ಇನ್ನೊಂದಕ್ಕಿಂತ ಎದ್ದು ಕಂಡರೆ ಆ ಬದಿಯ ಸ್ಪಿಂಡಲ್ ನಟ್ಟನ್ನು ಬಿಚ್ಚಿ ಮತ್ತೆ ಹೊಂದಿಸುವುದು.