ಗ್ಯಾಸ್ ಒಲೆ ಮೇಲೆ ಲಕ್ಕಿ ತೈಲ: ಐದನೇ ಸಲಕ್ಕೆ ಹದ ಬಂತು

ಈ ಸಲ ದೀಪಾವಳಿಗೆ ನಮ್ಮತ್ತೆ ತಾವೇ ಮೆಟ್ಟಿಲು ಹತ್ತಿ ಮಹಡಿ ಮೇಲೆ ದೀಪ ಇಟ್ಟು ಬಂದರು. ಅವರು ಮಹಡಿ ನೋಡಿ ಹೆಚ್ಚುಕಡಿಮೆ ಮೂರು ವರ್ಷ ಆಗಿತ್ತು. ಎರಡು ತಿಂಗಳಿಂದ ದಿನಾ ಎರಡು ಹೊತ್ತು ಮಂಡಿಗೆ ನಾನೇ ಕಾಯಿಸಿದ ಲಕ್ಕಿ ಸೊಪ್ಪಿನ ತೈಲ ಹಚ್ಚಿ, ಉಪ್ಪಿನ ಗಂಟಿನ ಶಾಖ ಕೊಡುತ್ತಿದ್ದೆ. ಸವೆದ ಮಂಡಿ ಹೊಸದಾಗಲ್ಲ, ಅದು ನನಗೂ ಗೊತ್ತು. ಆದರೆ ಬೆಳಿಗ್ಗೆ ಎದ್ದಾಗಿನ ಆ ಬಿಗಿತ ಕಮ್ಮಿ ಆಗಿದೆ, ರಾತ್ರಿ ನಿದ್ದೆ ಬರುತ್ತಿದೆ. ನನಗೆ ಅಷ್ಟು ಸಾಕು.

ಮನೆಯಲ್ಲಿ ತೈಲ ಮಾಡೋಕೆ ಆಗಲ್ಲ ಅಂದವರೇ ಜಾಸ್ತಿ. ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವ ನನ್ನ ಮೈದುನ, "ಸುಮ್ನೆ ಯಾಕೆ ಅತ್ತಿಗೆ, ಒಂದು ಟ್ಯೂಬ್ ತಂದುಕೊಡ್ತೀನಿ" ಅಂದ. ಹೊಳಲ್ಕೆರೆ ಕಡೆ ನಾಟಿ ಔಷಧಿ ಕೊಡುವ ಹಿರಿಯರೊಬ್ಬರು ಇದ್ದಾರೆ. ಹದ ಕೇಳೋಣ ಅಂತ ಹೋಗಿದ್ದೆ. "ಕಟ್ಟಿಗೆ ಒಲೆ ಇಲ್ಲದ ಮನೇಲಿ ತೈಲ ಆಗಲ್ಲ ಬಿಡಮ್ಮ" ಅಂದುಬಿಟ್ಟರು. ಅವರ ಮಾತು ನನಗೆ ಬಹಳ ದಿನ ಕೊರೆಯಿತು.

ಕಲ್ಕ, ಅಂದರೆ ಅರೆದ ಮುದ್ದೆ, ಒಂದು ಪಾಲು; ಎಣ್ಣೆ ನಾಲ್ಕು; ಸೊಪ್ಪು ಕುದಿಸಿ ಬತ್ತಿಸಿದ ಕಷಾಯ ಹದಿನಾರು, ತೈಲ ಕಾಯಿಸುವ ಲೆಕ್ಕ ಇದು. ಅದನ್ನು ಬಿಟ್ಟು ನಾನು ಎಲ್ಲೆಲ್ಲಿ ಎಡವಿದೆ ಅನ್ನೋದನ್ನೇ ಹೇಳ್ತೀನಿ.

ಮೊದಲ ಸಲ ಕಷಾಯದ ಗೋಜೇ ಬೇಡ ಅಂತ, ತೊಳೆದ ಲಕ್ಕಿ ಸೊಪ್ಪನ್ನು ಕಾದ ಎಣ್ಣೆಗೇ ಹಾಕಿದೆ. ಎಣ್ಣೆ ಭುಗ್ಗೆಂದು ಉಕ್ಕಿ ಒಲೆ ಮೇಲೆ ಚೆಲ್ಲಿತು, ಬೆಂಕಿ ಮೇಲೆದ್ದಿತು. ಗ್ಯಾಸ್ ಆಫ್ ಮಾಡಿ ತಟ್ಟೆ ಮುಚ್ಚಿದೆ, ಸದ್ಯ ಆರಿತು. ನೀರು ಮಾತ್ರ ಹಾಕಲಿಲ್ಲ, ನೀವೂ ಹಾಕಬೇಡಿ. ಎರಡನೇ ಸಲ ಎಲ್ಲ ಕ್ರಮವಾಗಿ ಮಾಡಿದೆ. ಧೈರ್ಯ ಜಾಸ್ತಿಯಾಗಿ ಎರಡು ಲೀಟರ್ ಇಟ್ಟೆ. ಗುಳ್ಳೆ ಕಮ್ಮಿ ಆಯಿತು, ಆಯಿತು ಬಿಡು ಅಂತ ಇಳಿಸಿದೆ. ಇಪ್ಪತ್ತು ದಿನಕ್ಕೆ ಬಾಟಲಿ ತಳದಲ್ಲಿ ನೀರಿನ ಮಣಿ, ಅದರ ಮೇಲೆ ಬಿಳಿ ಪೊರೆ, ಹುಳಿ ವಾಸನೆ. ಎಂಟುನೂರು ರೂಪಾಯಿ ಎಣ್ಣೆ ಚೆಲ್ಲಿದೆ. ಆ ಹೆದರಿಕೆಗೆ ಮೂರನೇ ಸಲ ಜಾಸ್ತಿ ಹೊತ್ತು ಬಿಟ್ಟೆ. ಕಲ್ಕದ ಬೆಳ್ಳುಳ್ಳಿ ಕರಕಲಾಗಿ ಎಣ್ಣೆಗೆಲ್ಲ ಸೀದ ವಾಸನೆ ಬಂತು. ಕಷಾಯವನ್ನು ಕಬ್ಬಿಣದ ಬಾಣಲೆಯಲ್ಲಿ ಕುದಿಸಿದ್ದೂ ಆ ಸಲವೇ. ಸೊಪ್ಪಿನ ಒಗರಿಗೆ ಕಬ್ಬಿಣ ಸೇರಿ ಶಾಯಿ ಹಾಗೆ ಕಪ್ಪಾಯಿತು. ನಾಲ್ಕನೇದು ಹದ ಸುಮಾರಾಗಿಯೇ ಬಂದಿತ್ತು. ಆದರೆ ಕರ್ಪೂರವನ್ನು ಬಿಸಿ ಎಣ್ಣೆಗೆ ಹಾಕಿಬಿಟ್ಟೆ. ಬೀದಿವರೆಗೂ ಘಮ ಬಂತು, ಬಾಟಲಿಯಲ್ಲಿ ಏನೂ ಉಳಿಯಲಿಲ್ಲ. ಬೆರಳು ತಡೆಯುವಷ್ಟು ಆರಿದ ಮೇಲೇ ಕರ್ಪೂರ ಹಾಕಬೇಕು, ಅದೂ ಒಲೆಯಿಂದ ದೂರ. ಕರ್ಪೂರ ಉರಿಯುವ ಸಾಮಾನು ಅಲ್ವಾ.

ಈಗ ಮಾಡುವ ಕ್ರಮ ಹೀಗಿದೆ. ಮೊದಲ ದಿನ ಕಷಾಯ. ಕಡ್ಡಿ ತೆಗೆದ ಸೊಪ್ಪು ಎರಡು ಕೆಜಿ ಹತ್ತಿರ, ನೀರು ಹನ್ನೆರಡು ಲೀಟರ್. ಇದನ್ನು ಬಚ್ಚಲ ನೀರೊಲೆ ಮೇಲೆ ಸ್ಟೀಲ್ ತಪ್ಪಲೆಯಲ್ಲೇ ಕುದಿಸ್ತೀನಿ, ಗ್ಯಾಸ್ ಉಳಿಯುತ್ತೆ. ನಾಲ್ಕು ಲೀಟರ್‌ಗೆ ಇಳಿದ ಮೇಲೆ ಸೋಸಿಡೋದು. ಎರಡನೇ ದಿನ ಗ್ಯಾಸ್ ಮೇಲೆ ಒಂದು ಲೀಟರ್ ಎಣ್ಣೆ, ಕಾಲು ಕೆಜಿ ಕಲ್ಕ, ನಾಲ್ಕು ಲೀಟರ್ ಕಷಾಯ. ನನ್ನ ಕಲ್ಕಕ್ಕೆ ಲಕ್ಕಿ ಸೊಪ್ಪು, ಬೆಳ್ಳುಳ್ಳಿ, ಒಣಶುಂಠಿ, ಇನ್ನೊಂದು ಬೇರು. ಆ ಬೇರಿನ ಹೆಸರು ನನ್ನ ಹತ್ತಿರವೇ ಇರಲಿ. ಅದಿಲ್ಲದಿದ್ದರೂ ತೈಲ ಆಗುತ್ತೆ. ಪಾತ್ರೆ ಹತ್ತು ಲೀಟರಿಗಿಂತ ದೊಡ್ಡದು ಬೇಕು, ಅರ್ಧಕ್ಕಿಂತ ಜಾಸ್ತಿ ತುಂಬಬಾರದು.

ಗ್ಯಾಸ್ ಒಲೆಯಲ್ಲಿ ಉರಿ ಪಾತ್ರೆಯ ನಡುವಿಗೇ ಹೊಡೆಯುತ್ತೆ. ಅಲ್ಲಿ ಕಲ್ಕ ಹತ್ತುತ್ತೆ, ಅಂಚಿನಲ್ಲಿ ನೀರು ಹಾಗೇ ಇರುತ್ತೆ. ಆ ಹಿರಿಯರು ಹೇಳಿದ್ದೂ ಇದನ್ನೇ, ನನಗೆ ಆಗ ಅರ್ಥ ಆಗಿರಲಿಲ್ಲ. ಒಂದು ದಿನ ದೋಸೆ ಹುಯ್ಯುವಾಗ ಹೊಳೆಯಿತು. ನಮ್ಮ ಮನೆಯ ಹಳೇ ಕಬ್ಬಿಣದ ದೋಸೆ ಕಾವಲಿಯನ್ನು ಒಲೆ ಮೇಲಿಟ್ಟು, ಅದರ ಮೇಲೆ ದಪ್ಪ ತಳದ ಪಾತ್ರೆ ಇಟ್ಟೆ. ದಪ್ಪ ಕಾವಲಿ, ಕಾಯೋಕೆ ಹೊತ್ತು ಹಿಡಿಯುತ್ತೆ, ಕಾದ ಮೇಲೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಸಮ ಇರುತ್ತೆ. ದಾವಣಗೆರೆಯವರ ಮನೆಯಲ್ಲಿ ಇಂಥ ಕಾವಲಿಗೇನು ಬರ!

ಎರಡನೇ ದಿನ ನಾಲ್ಕೈದು ಗಂಟೆ ಕುದಿಸಿ, ಒಂದು ಲೀಟರಿನಷ್ಟು ನೀರು ಉಳಿದಾಗ ಆಫ್ ಮಾಡ್ತೀನಿ. ರಾತ್ರಿ ಹಾಗೇ ಮುಚ್ಚಿಡೋದು. ಮೂರನೇ ದಿನ ಬೆಳಿಗ್ಗೆ ಸಣ್ಣ ಉರಿ. ಕೊನೆಯ ಮುಕ್ಕಾಲು ಗಂಟೆ ಫೋನ್ ಬಂದರೂ ಎತ್ತಲ್ಲ, ಸೌಟು ತಳ ಬಿಡಬಾರದು.

ಹದ ನೋಡೋದು ಬೆರಳಲ್ಲೇ. ಸೌಟಿನ ತುದಿಯಲ್ಲಿ ಚೂರು ಕಲ್ಕ ತೆಗೆದು, ಆರಿಸಿ, ಹೆಬ್ಬೆರಳು ತೋರುಬೆರಳ ನಡುವೆ ಹೊಸೆಯಬೇಕು. ಮೊದಲು ಕೆಸರಿನ ಹಾಗೆ ಅಂಟುತ್ತೆ. ಆಮೇಲೆ ಹೊಸೆದರೆ ಬತ್ತಿಯಾಗುತ್ತೆ, ಆದರೆ ದೀಪಕ್ಕೆ ಹಿಡಿದರೆ ಚಟಪಟ ಅನ್ನುತ್ತೆ. ನೀರು ಇದೆ ಅಂತಲೇ ಅದು. ಇನ್ನೂ ಹತ್ತು ಹದಿನೈದು ನಿಮಿಷಕ್ಕೆ ಬತ್ತಿ ಮೇಣದ ಹಾಗೆ ಮೆತ್ತಗೆ ಬರುತ್ತೆ, ಬೆರಳಿಗೆ ಅಂಟಲ್ಲ, ದೀಪದಲ್ಲಿ ಸದ್ದಿಲ್ಲದೆ ಉರಿಯುತ್ತೆ. ಎಣ್ಣೆ ಮೇಲೆ ಸಣ್ಣ ಬಿಳಿ ನೊರೆ ಏಳುತ್ತೆ. ಆಗಲೇ ಇಳಿಸಬೇಕು. ಕಲ್ಕ ಮರಳಿನ ಹಾಗೆ ಉದುರಿದರೆ ಹದ ಮೀರಿತು. ಐದನೇ ಸಲ ಆ ಬತ್ತಿ ಸದ್ದಿಲ್ಲದೆ ಉರಿದಾಗ ಅತ್ತೆಯನ್ನು ಕೂಗಿ ಕರೆದು ತೋರಿಸಿದೆ.

ಬಿಸಿ ಇರುವಾಗಲೇ ಹಳೇ ಪಂಚೆ ತುಂಡಿನಲ್ಲಿ ಸೋಸಿ, ಮೂರು ದಿನ ಅಲುಗಾಡಿಸದೆ ಇಡ್ತೀನಿ. ಬಾಟಲಿ ಬಿಸಿಲಲ್ಲಿ ಚೆನ್ನಾಗಿ ಒಣಗಿರಬೇಕು, ಒಂದು ಹನಿ ನೀರಿದ್ದರೂ ಎರಡನೇ ಸಲದ ಕಥೆಯೇ. ಒಂದು ಲೀಟರ್ ಇಟ್ಟರೆ ಒಂಬೈನೂರು ಎಂಎಲ್ ಹತ್ತಿರ ಸಿಗುತ್ತೆ.

ಎಣ್ಣೆ ಎಳ್ಳಿನದೇ ಆಗಬೇಕು. 1997ರಲ್ಲಿ ದಾವಣಗೆರೆ ಚಿತ್ರದುರ್ಗದಿಂದ ಒಡೆದು ಬೇರೆ ಜಿಲ್ಲೆ ಆದರೂ ನಮ್ಮ ಮನೆಗೆ ಎಣ್ಣೆ ಬರೋದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಿಂದಲೇ. ಗಾಣದ ಎಳ್ಳೆಣ್ಣೆ ಲೀಟರಿಗೆ ನಾನೂರರ ಆಸುಪಾಸು ಕೊಟ್ಟ ನೆನಪು. ಉಳಿಸೋಣ ಅಂತ ಒಮ್ಮೆ ಶೇಂಗಾ ಎಣ್ಣೆಯಲ್ಲಿ ಅರ್ಧ ಲೀಟರ್ ಮಾಡಿದೆ. ಬೇಸಿಗೆ ಮುಗಿಯುವುದರೊಳಗೆ ಕಮಟು ವಾಸನೆ ಬಂತು. ಕುಸುಬೆ ಎಣ್ಣೆಯದು ಹಚ್ಚಿದಾಗ ಹಗುರ, ಆದರೆ ಬಾಟಲಿ ಬಾಯಲ್ಲಿ ಒಣಗಿ ಗೋಂದಿನ ಹಾಗೆ ಹಿಡಿದುಕೊಂಡು ಮುಚ್ಚಳವೇ ಬರಲಿಲ್ಲ. ಎಕ್ಕದ ಎಲೆ ಸೇರಿಸಿದರೆ ನೋವು ಬೇಗ ಎಳೆಯುತ್ತೆ ಅಂತ ಯಾರೋ ಹೇಳಿದರು. ನನ್ನ ಮೊಣಕೈಗೇ ಹಚ್ಚಿ ನೋಡಿದೆ, ಮೂರು ದಿನ ಕೆಂಪಗೆ ಗುಳ್ಳೆ ಎದ್ದು ಉರಿಯಿತು. ಅದರ ಹಾಲು ಕಣ್ಣಿಗೆ ಬಿದ್ದರೆ ಇನ್ನೂ ಅಪಾಯ. ಎಕ್ಕದ ಸಹವಾಸ ಅಲ್ಲಿಗೇ ಬಿಟ್ಟೆ. ಉಳಿದ ಸೊಪ್ಪನ್ನು ನೆರಳಲ್ಲಿ ಒಣಗಿಸಿ ಸಣ್ಣ ದಿಂಬಿಗೆ ತುಂಬಿದ್ದು ಮಾತ್ರ ಬಹಳ ಚೆನ್ನಾಯಿತು. ನೆಗಡಿಯಾದಾಗ ಮಗಳು ಅದನ್ನೇ ಕೇಳ್ತಾಳೆ. ಅಕ್ಕಿ ಡಬ್ಬಿಗೂ ಒಂದು ಹಿಡಿ ಹಾಕಿದ್ದೀನಿ, ಹುಳ ಇಲ್ಲ.

ಸೊಪ್ಪಿಗೆ ದುಡ್ಡಿಲ್ಲ, ಆದರೆ ಎಲ್ಲಿಂದ ತರ್ತೀರಿ ನೋಡಿ. ಮೊದಲು ಭದ್ರಾ ಚಾನಲ್ ಏರಿ ಮೇಲಿಂದ ಕಿತ್ತು ತರ್ತಿದ್ದೆ. ಒಂದು ದಿನ ಪಕ್ಕದ ಭತ್ತದ ಗದ್ದೆಗೆ ಔಷಧಿ ಹೊಡೆಯೋದು ಕಣ್ಣಿಗೆ ಬಿತ್ತು. ಅಲ್ಲಿಂದ ತರೋದು ನಿಲ್ಲಿಸಿದೆ. ಈಗ ತವರಿನ ಹೊಲದ ಬದುವಿನದೇ. ಲಕ್ಕಿಯನ್ನು ಆಡು ಕುರಿ ಮುಟ್ಟಲ್ಲ, ಕಡ್ಡಿ ನೆಟ್ಟರೆ ಬೇಲಿಯೇ ಆಗುತ್ತೆ. ಚಿತ್ರದುರ್ಗದ ಜೋಗಿಮಟ್ಟಿಯಲ್ಲಿ ಔಷಧಿ ಗಿಡ ಬೇಕಾದಷ್ಟಿವೆ ಅಂತ ಕೆಲವರು ಕರೆದರು. ಅದು ಕಾಯ್ದಿಟ್ಟ ಕಾಡು, ಅಲ್ಲಿ ಒಂದು ಎಲೆಗೂ ಕೈ ಹಾಕಲ್ಲ.

ಒಂದೂಕಾಲು ವರ್ಷದಲ್ಲಿ ಎಲ್ಲ ಸೇರಿ ಆರು ಸಾವಿರ ಹೋಗಿರಬೇಕು. ಅದರಲ್ಲಿ ಹಿತ್ತಾಳೆ ಪಾತ್ರೆಗೇ ಸಾವಿರದ ಎಂಟುನೂರು. ಕಲಾಯಿ ಹಾಕುವವರು ಸಿಗದೆ ಅಟ್ಟ ಸೇರಿತು. ಈಗ ಒಂದು ಸಲಕ್ಕೆ ಗ್ಯಾಸೂ ಸೇರಿ ಏಳುನೂರು ಬೀಳುತ್ತೆ. ಮಾರಲ್ಲ, ಮಾರೋಕೆ ಲೈಸೆನ್ಸ್ ಬೇಕು. ಪರಿಚಯದವರಿಗೆ ಹಾಗೇ ಕೊಡ್ತೀನಿ. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ನಮ್ಮ ಬೀದಿಯವರೊಬ್ಬರು, ದಿನವಿಡೀ ಬಿಸಿ ಮರಳಿನ ಮುಂದೆ ತೋಳು ಆಡಿಸಿ ಭುಜ ಹಿಡಿದಿರುತ್ತೆ, ತಿಂಗಳಿಗೊಂದು ಬಾಟಲಿ ಒಯ್ಯುತ್ತಾರೆ. ಅವರ ಜೊತೆಯವರೊಬ್ಬರು ಮಂಡಿ ಕೆಂಪಗೆ ಊದಿ, ಮುಟ್ಟಿದರೆ ಸುಡುವ ಹಾಗಿದ್ದಾಗ ಬಂದರು. ತೈಲ ಕೊಡಲಿಲ್ಲ, "ಅಣ್ಣಾ, ಮೊದಲು ಡಾಕ್ಟರಿಗೆ ತೋರಿಸಿ" ಅಂತ ಕಳಿಸಿದೆ. ಎರಡು ವರ್ಷದೊಳಗಿನ ಮಕ್ಕಳಿರುವ ಮನೆಗೆ ಕರ್ಪೂರ ಹಾಕಿದ್ದನ್ನು ಕೊಡಲ್ಲ. ಒಡೆದ ಚರ್ಮಕ್ಕೆ ಹಚ್ಚಬೇಡಿ ಅಂತ ಬಾಟಲಿ ಮೇಲೇ ಬರೆದಿರ್ತೀನಿ.

ಹೋದ ತಿಂಗಳು ಹೊಳಲ್ಕೆರೆಗೆ ಒಂದು ಬಾಟಲಿ ಒಯ್ದಿದ್ದೆ. ಆ ಹಿರಿಯರು ಅಂಗೈ ಹಿಂಬದಿಗೆ ಎರಡು ಹನಿ ಹಾಕಿ ಉಜ್ಜಿದರು, ಮೂಸಿದರು, ಬೆಳಕಿಗೆ ಹಿಡಿದು ತಳ ನೋಡಿದರು. "ಎಷ್ಟು ದಿನ ಹಿಡೀತು?" ಅಂದರು. ಮೂರು ದಿನ ಅಂದೆ. ಕಾವಲಿ ವಿಷಯ ಎರಡು ಸಲ ಬಿಡಿಸಿ ಕೇಳಿದರು. ಆಮೇಲೆ ಆ ಬೇರಿನ ಅಳತೆಯಲ್ಲಿ ನಾನು ಮಾಡ್ತಿದ್ದ ಒಂದು ತಪ್ಪು ಹೇಳಿಕೊಟ್ಟರು. ಮುಂದಿನ ಸಲ ಅವರ ಅಳತೆಯಲ್ಲೇ ಕಾಲು ಲೀಟರ್ ಮಾತ್ರ ಇಟ್ಟು ನೋಡ್ತೀನಿ. ಎಳ್ಳೆಣ್ಣೆ ಆಗಲೇ ತಂದಿಟ್ಟಿದ್ದೀನಿ.